ತಗ್ಗಿಸಿದ ಕಣ್ಣಿಗೆ ಸೊನ್ನೆ

ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಖಾಸಗಿ ನರ್ಸಿಂಗ್ ಕಾಲೇಜೊಂದರ ಪ್ರವೇಶಾಧಿಕಾರಿ ಬಸವಕಿರಣ ಬೀದರಿನ ಸೈಬರ್ ಠಾಣೆಗೆ ದೂರು ತಂದರು. ಖಟಕ ಚಿಂಚೋಳಿಯ ಮಹಾಮಾಯಾ ಎಂಬ ಹುಡುಗಿ ನಕಲಿ ವಿಡಿಯೊ ಕಳಿಸಿ ಸೀಟು ಪಡೆದಿದ್ದಾಳೆ ಎಂಬುದು ದೂರಿನ ಸಾರಾಂಶ. ಇನ್‌ಸ್ಪೆಕ್ಟರ್ ಶಿವಕಾಂತಾ ಅದನ್ನು ಎರಡು ಸಲ ಓದಿದರು. ಕಳವು, ಹೊಡೆದಾಟ ಆಗಿದ್ದರೆ ಒಂದೇ ಸಲ ಓದಿದರೆ ಸಾಕು. ಈಗಿನ ದೂರುಗಳು ಅಷ್ಟು ಸುಲಭಕ್ಕೆ ತಲೆಗೆ ಹೋಗುವುದಿಲ್ಲ.

“ಸಂದರ್ಶನ ಯಾರು ತಗೊಂಡ್ರಿ?”

“ಯಾರೂ ಇಲ್ರಿ ಮೇಡಂ. ಎಐ ತಗೋತದ. ಹುಡುಗ್ರು ಮನ್ಯಾಗ ಕುಂತು ಕ್ಯಾಮರಾದ ಮುಂದ ಉತ್ತರ ಹೇಳಿ ವಿಡಿಯೊ ಕಳಸ್ತಾರ, ಅದೇ ಮಾರ್ಕ್ಸ್ ಹಾಕ್ತದ.”

“ನೀವು ನೋಡೂದಿಲ್ಲ?”

“ಅಷ್ಟು ಮಂದೀದು ಹ್ಯಾಂಗ ನೋಡೂದ್ರಿ? ಸೀಟು ಕೊಟ್ಟಮ್ಯಾಗ ಯಂತ್ರಾನೇ ಇದು ಮೋಸ ಅಂತು, ಅದಕ್ಕ ಇದೊಂದು ನೋಡ್ದೆ.”

ಬಸವಕಿರಣ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಹಾಕಿದರು. ಪರದೆಯ ಮೂಲೆಯಲ್ಲಿ ಪ್ರಶ್ನೆ ಕೇಳುವ ಯಂತ್ರಕ್ಕೊಂದು ಮುಖವಿತ್ತು: ಬಿಳಿ ಕೂದಲು, ಕನ್ನಡಕ, ಥೇಟ್ ನಿವೃತ್ತ ಹೆಡ್‌ಮಾಸ್ತರರು. ಮಕ್ಕಳಿಗೆ ನಂಬಿಕೆ ಬರಲಿ ಎಂದು ಕಂಪನಿಯವರು ಕೂಡಿಸಿದ ಮುಖವಂತೆ. ಮಹಾಮಾಯಾ ನೇರ ದೃಷ್ಟಿಯಿಂದ, ಎಲ್ಲೂ ತಡವರಿಸದೆ ಉತ್ತರ ಹೇಳಿದಳು. ಕೊನೆಗೆ ಯಂತ್ರ ಧನ್ಯವಾದ ಹೇಳಿದಾಗ ಕೈಮುಗಿದು, ಮನೆಗೆ ಬಂದ ಹಿರಿಯರಿಗೆ ಬಾಗುವಂತೆ ಬಾಗಿದಳು. ತಲೆ ಬಾಗಿತು, ಕಣ್ಣು ಬಾಗಲಿಲ್ಲ. ತಗ್ಗಿದ ಮುಖದ ಮೇಲೆ ಎರಡು ಕಣ್ಣು ಮಿಟುಕದೆ ನೋಡುವವರನ್ನೇ ನೋಡುತ್ತಿದ್ದವು. ಕಾನ್‌ಸ್ಟೇಬಲ್ ನರಸಿಂಗ “ಅಯ್ಯವ್ವ!” ಎಂದು ಹಿಂದೆ ಸರಿದ.

“ಕಣ್ಣು ಆಮ್ಯಾಲ ಕಂಪ್ಯೂಟರಿನ್ಯಾಗ ಕೂಡ್ಸ್ಯಾರ್ರಿ,” ಎಂದರು ಬಸವಕಿರಣ. “ಮಾತು, ಉತ್ತರ ಎಲ್ಲಾ ಅಕಿದೇ.”

“ಹಂಗಾದ್ರ ಕಣ್ಣು ಯಾಕ ಬೇಕಾಯ್ತು?”

“ಹೋದ ವರ್ಷನೂ ಅಕಿ ಅರ್ಜಿ ಹಾಕಿದ್ದಳ್ರಿ. ಕೆಳಗೇ ನೋಡ್ಕೋತ ಮಾತಾಡಿದ್ದಳು. ಚೀಟಿ ನೋಡಿ ಓದ್ಲತ್ತಾಳ ಅಂತ ಯಂತ್ರ ಸೊನ್ನಿ ಹಾಕ್ತು.”

“ಚೀಟಿ ಇತ್ತಾ?”

“ಅದು ಯಾರಿಗ್ ಗೊತ್ರಿ?”

ವಂಚನೆಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ವಿಡಿಯೊ ಔರಾದಿನ ಒಂದು ಇಂಟರ್ನೆಟ್ ಸಂಪರ್ಕದಿಂದ ಬಂದಿದೆ ಎಂದು ಕಾಲೇಜಿನ ದಾಖಲೆ ಹೇಳುತ್ತಿತ್ತು.

ಮರುದಿನ ಬೆಳಿಗ್ಗೆ ಜೀಪು ಖಟಕ ಚಿಂಚೋಳಿ ಮುಟ್ಟಿತು. ಮಹಾಮಾಯಾಳ ಅಜ್ಜಿ ಶಾಲುಬಾಯಿ ಮೊದಲು ನೀರು ಕೊಟ್ಟಳು, ಆಮೇಲೆ ಯಾಕೆ ಬಂದಿರಿ ಎಂದು ಕೇಳಿದಳು. ಹುಡುಗಿ ಬಾಗಿಲ ಪಕ್ಕ ನೆಲ ನೋಡುತ್ತ ನಿಂತಿದ್ದಳು.

“ವಿಡಿಯೊದಾಗಿನ ಕಣ್ಣು ನಿನ್ನವಾ?”

“ಅಲ್ರಿ.”

“ಹೋದ ವರ್ಷ ಚೀಟಿ ನೋಡಿದ್ದಿ?”

“ಇಲ್ರಿ.”

“ಮತ್ತ ಕೆಳಗ ಯಾಕ ನೋಡ್ದಿ?”

“ಎದುರಿಗಿ ಅಜ್ಜಾರು ಇದ್ರಲ್ರಿ.”

ನರಸಿಂಗನಿಗೆ ನಗು ಬಂತು. ಶಿವಕಾಂತಾ ಅವನತ್ತ ನೋಡಿದ ಮೇಲೆ ನಿಂತಿತು.

“ದೊಡ್ಡವರ ಕಣ್ಣಾಗ ಕಣ್ಣಿಡಬ್ಯಾಡ ಅಂತ ಬಡದು ಕಲ್ಸಿದಾಕಿ ನಾನೇ ಯವ್ವಾ,” ಎಂದಳು ಶಾಲುಬಾಯಿ. “ಒಯ್ಯೂದಿದ್ರ ನನಗ ಒಯ್ರಿ.”

ಶಿವಕಾಂತಾಗೂ ಅವರವ್ವ ಅದನ್ನೇ ಬಡಿದು ಕಲಿಸಿದ್ದಳು. ಅದನ್ನು ಬಿಡಿಸಲು ಪೊಲೀಸ್ ತರಬೇತಿಯೇ ಬೇಕಾಗಿತ್ತು. ಆದರೂ ಕೇಳಬೇಕಾದದ್ದನ್ನು ಕೇಳಿದರು.

“ಔರಾದದಾಗ ನಿಮ್ಮೋರು ಯಾರದಾರ?”

ಶಾಲುಬಾಯಿಯೇ ಅರಿಯದೆ ಹೇಳಿಬಿಟ್ಟಳು: “ಇಕಿ ಅಕ್ಕ ವಿಶಾಖಾಗ ಅಲ್ಲೇ ಕೊಟ್ಟೀವಿ. ಕಂಪ್ಯೂಟರ್ ಸೆಂಟರ್ ಇಟ್ಟಾಳ.”

ಮನೆ ತೋರಿಸಲು ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಜೀಪಿನಲ್ಲಿ ಕರೆದುಕೊಂಡರು. ಭಾಲ್ಕಿಯಲ್ಲಿ ಚಹಾಕ್ಕೆಂದು ನಿಂತಾಗ ಶಿವಕಾಂತಾ ತುಸು ದೂರ ಹೋಗಿ ಬಸವಕಿರಣರಿಗೆ ಫೋನ್ ಮಾಡಿದರು.

“ಚೀಟಿ ಇರಲಿಲ್ಲ ಅಂತ ನಾ ಬರದು ಕೊಡ್ತೇನ್ರಿ. ಹುಡುಗಿಗಿ ಎದುರು ಕುಂತು ಒಮ್ಮಿ ಕೇಳ್ರಿ.”

“ಯಂತ್ರ ಮೋಸ ಅಂದಮ್ಯಾಗ ಆ ಹೆಸರು ಮತ್ತ ತಗೋಳೂದಿಲ್ರಿ. ಬದಲ್ ಮಾಡ್ಲಿಕ್ಕ ನಮಗ ಬರೂದಿಲ್ಲ.”

“ಯಾರಿಗಿ ಬರ್ತದ?”

“ಕಂಪನಿಯೋರಿಗ್ರಿ. ಆದ್ರ ಅಲ್ಲಿ ಫೋನ್ ಎತ್ತೂದೂ ಯಂತ್ರಾನೇ.”

ಶಿವಕಾಂತಾ ಚಹಾ ಕುಡಿಯದೆ ಜೀಪು ಹತ್ತಿದರು. ವಿಶಾಖಾಳ ಹೇಳಿಕೆ ಪಡೆದು, ನೋಟಿಸು ಕೊಟ್ಟು, ಯಾರನ್ನೂ ಒಯ್ಯದೆ ವಾಪಸಾಗಬೇಕೆಂದು ಅವರು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದರು. ಹುಡುಗಿಯ ಸೀಟು ಉಳಿಸಲಾಗದಿದ್ದರೂ ಅಷ್ಟಾದರೂ ಮಾಡಬಹುದಿತ್ತು.

ಆ ದಾರಿಯೂ ಮುಚ್ಚಿತು. ಔರಾದಿನಲ್ಲಿ ಜೀಪು ಕಂಡಕೂಡಲೆ ವಿಶಾಖಾ ಸೆಂಟರಿನ ಕದ ಹಾಕಿಕೊಂಡಳು. ನರಸಿಂಗ ಕದ ತೆಗೆಸುವಷ್ಟರಲ್ಲಿ ಕಂಪ್ಯೂಟರಿನಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು.

“ಯಾಕ ಅಳಿಸ್ದಿ ಹುಚ್ಚಿ?” ಶಿವಕಾಂತಾಗೆ ತಡೆಯಲಾಗಲಿಲ್ಲ.

“ವಿಡಿಯೊ ಹೋದ್ರ ತಂಗಿ ಮ್ಯಾಲಿನ ಕೇಸೂ ಹೋಗ್ತದ ಅನ್ಕೊಂಡೆನ್ರಿ.”

ಸಾಕ್ಷ್ಯ ನಾಶ ಮಾಡಿದವಳಿಗೆ ನೋಟಿಸು ಕೊಟ್ಟು ಬಿಡುವಂತಿಲ್ಲ. ಇಬ್ಬರು ಪಂಚರನ್ನು ಕರೆಸಿ, ಕಂಪ್ಯೂಟರ್ ಜಪ್ತಿ ಮಾಡಿ ಪಂಚನಾಮೆ ಬರೆದರು. ಹೆಂಗಸನ್ನು ದಸ್ತಗಿರಿ ಮಾಡುವುದಾದರೆ ಹೊತ್ತು ಮುಳುಗುವುದರೊಳಗೆ ಮಾಡಬೇಕು. ವಿಶಾಖಾ ಏನನ್ನೂ ಮುಚ್ಚಿಡಲಿಲ್ಲ. ಹೋದ ವರ್ಷ ತಂಗಿಯನ್ನು ಕಾಲೇಜಿಗೆ ಕರೆದೊಯ್ದು, ಯಾರಾದರೂ ಒಬ್ಬರು ಎದುರು ಕೂತು ಪ್ರಶ್ನೆ ಕೇಳಿ ಎಂದು ಬೇಡಿಕೊಂಡಿದ್ದಳು. ಎಲ್ಲರೂ ಯಂತ್ರದ ಕಡೆ ಬೊಟ್ಟು ಮಾಡಿದರು. ಮನೆಗೆ ಬಂದು ತಂಗಿಯನ್ನು ಕನ್ನಡಿ ಮುಂದೆ ಕೂಡಿಸಿ ಕಣ್ಣೆತ್ತುವುದನ್ನು ಕಲಿಸಿದಳು. ಕನ್ನಡಿಯಲ್ಲಿ ಕಣ್ಣು ಏಳುತ್ತಿತ್ತು, ಯಂತ್ರದ ಆ ಬಿಳಿ ಕೂದಲಿನ ಮುಖ ಕಂಡರೆ ಮತ್ತೆ ತಗ್ಗುತ್ತಿತ್ತು.

“ಅಕಿ ಉತ್ತರ ಖರೇ ಇದ್ದವ್ರಿ,” ಎಂದಳು ವಿಶಾಖಾ. “ನಾ ಕಣ್ಣು ಒಂದೇ ಸುಳ್ಳು ಮಾಡೀನಿ.”

ದಸ್ತಗಿರಿಯ ವಿಷಯವನ್ನು ಮನೆಯವರಿಗೆ ತಿಳಿಸಬೇಕು. ಮಹಾಮಾಯಾಳನ್ನು ಒಳಗೆ ಕರೆದು ಓದಿ ಹೇಳಿದರು. ಹುಡುಗಿ ಅಕ್ಕನ ಕೈ ಹಿಡಿದು ನಿಂತು, ಮೆಲ್ಲಗೆ ಮುಖ ಎತ್ತಿದಳು. ಕಣ್ತುಂಬ ನೀರಿತ್ತು, ಆದರೂ ನೋಟ ಇನ್‌ಸ್ಪೆಕ್ಟರ್ ಮುಖದಿಂದ ಕದಲಲಿಲ್ಲ.

“ನೋಡ್ರಿ ಮೇಡಂ, ನೋಡ್ಲತ್ತೇನಿ. ಅಕ್ಕಗ ಬಿಡ್ರಿ. ಈಗ ಏನ್ ಬೇಕಾದ್ದು ಕೇಳ್ರಿ.”

ಶಿವಕಾಂತಾ ಕಣ್ಣು ತಗ್ಗಿಸಿ ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದರು.