ಹಳದಿ ಡ್ರಮ್ಮಿನ ಮುಚ್ಚಳ

2024ರ ಆಗಸ್ಟ್ 13, ಮಂಗಳವಾರ, ಬೆಳಿಗ್ಗೆ 8.20. ಸುಂಕದಕಟ್ಟೆಯ ಅದಿರು ಪರೀಕ್ಷಾ ಶೆಡ್ಡಿನಲ್ಲಿ ಕಸ ಗುಡಿಸುವ ಮುನಿಲಕ್ಷ್ಮಮ್ಮ ಬರಿಗಾಲಲ್ಲಿ ಠಾಣೆಗೆ ಓಡಿಬಂದರು. "ನಮ್ ಓನರ್ ಮಹೇಶಪ್ಪನ್ನ ಯಾರೋ ಹೊಡ್ದಾಕ್ಬಿಟ್ಟವ್ರೆ ಸಾರ್," ಅಂದವರು ಬೆಂಚಿನ ಮೇಲೆ ಕುಸಿದರು. 8.40ಕ್ಕೆ ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಬಸವರಾಜೇಶ್ವರಿ ಮತ್ತು ಹೆಡ್ ಕಾನ್‌ಸ್ಟೇಬಲ್ ಭೈರೇಶ್ 9ಕ್ಕೆ ಶೆಡ್ ತಲುಪಿದರು. ಅದಿರು ಅರೆಯುವ ಗಿರಣಿಯ ಕಬ್ಬಿಣದ ಸರಳಿನಿಂದ ಮಹೇಶಪ್ಪನ ತಲೆಗೆ ಏಳು ಏಟು ಬಿದ್ದಿತ್ತು. ದವಡೆ ಪುಡಿಯಾಗಿ ಎರಡು ಹಲ್ಲು ಪಕ್ಕದ, ಅದಿರು ಬೇರ್ಪಡಿಸುವ ನೊರೆತೊಟ್ಟಿಯಲ್ಲಿ ಸಿಕ್ಕವು. ಕಳ್ಳನಿಗೆ ಇಷ್ಟೊಂದು ಪುರುಸೊತ್ತು ಇರುವುದಿಲ್ಲ.

ಪಂಚನಾಮೆ ಬರೆಸುತ್ತಿದ್ದಾಗ ಬಸವರಾಜೇಶ್ವರಿಯ ಕಣ್ಣು ಮೂಲೆಯ ಹಳದಿ ಡ್ರಮ್ಮಿನ ಮೇಲೆ ಬಿತ್ತು. ಮುಚ್ಚಳ ಹಾಕಿ, ಸುತ್ತ ಹಳೇ ಸ್ಕೂಟರ್ ಟ್ಯೂಬು ಬಿಗಿದಿತ್ತು. ಟ್ಯೂಬ್ ಬಿಚ್ಚಿಸಿದರೆ ಅಡಿಯಲ್ಲಿ ರಕ್ತದ ಬೆರಳಚ್ಚು. ಅಂದರೆ ಕೊಂದ ಮೇಲೆ, ಅದೇ ಕೈಯಲ್ಲಿ, ಯಾರೋ ಜೋಪಾನವಾಗಿ ಮುಚ್ಚಿದ್ದರು.

"ಇದ್ರಲ್ಲಿ ಏನಿದೆ?"

"ಕ್ಸಾಂಥೇಟ್ ಅನ್ನೋ ಹಳದಿ ಪುಡಿ ಮೇಡಂ," ಅಂದ ಶೆಡ್ಡಿನ ಕೆಮಿಸ್ಟ್ ಶಿವಯೋಗಿ. "ಅರೆದ ಅದಿರನ್ನ ನೀರಲ್ಲಿ ಕಲಸಿ, ಇದನ್ನ ಹಾಕಿ ಗಾಳಿ ಊದಿದ್ರೆ, ಸೀಸ ನೊರೆಗೆ ಅಂಟ್ಕೊಂಡು ಮೇಲೆ ಬರುತ್ತೆ. ಸತು ಕೆಳಗೇ ಉಳಿಯುತ್ತೆ. ಆಮೇಲೆ ಮೈಲುತುತ್ತ ಹಾಕಿ ಅದನ್ನ ಎತ್ತುತ್ತೀವಿ."

"ಮುಚ್ಚಳ ತೆಗೆದಿಟ್ರೆ?"

"ತೇವ ಹಿಡಿದು ಗ್ಯಾಸ್ ಬಿಡುತ್ತೆ. ಒಂದು ಕಿಡಿ ಸಾಕು."

"ಟ್ಯೂಬ್ ಕಟ್ಟೋದು ಯಾರು?"

ಶಿವಯೋಗಿ ನೆಲ ನೋಡಿದ. "ಮುರುಗೇಶ್ ಒಬ್ನೇ. ಮಿಕ್ಕವರು ಹಂಗೇ ಬಿಟ್ಟು ಹೋಗ್ತೀವಿ."

ಗಿರಣಿ ನಡೆಸುವ ಮುರುಗೇಶ್ ಎಂದಿನಂತೆ ಸ್ಟೀಲ್ ಟಿಫಿನ್ ಕ್ಯಾರಿಯರ್ ಹಿಡಿದು ಕೆಲಸಕ್ಕೆ ಬಂದು ಗೇಟಿನಲ್ಲಿ ನಿಂತಿದ್ದ.

"ನಿನ್ನೆ ಎಷ್ಟು ಗಂಟೆಗೆ ಹೋದೆ?"

"ಆರಕ್ಕೆ."

"ಆಗ ಮಹೇಶಪ್ಪ ಇದ್ರಾ?"

"ಇದ್ರು."

"ಬದುಕಿದ್ರಾ?"

ಮುರುಗೇಶ್ ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಿಸಿದ. ಭೈರೇಶರ ಬಾಯಿ ಸುಮ್ಮನಿರಬೇಕಲ್ಲ. "ಮೇಡಂ, ಹೋದ ವರ್ಷ ಇಲ್ಲೇ ಬೆಂಕಿ ಬಿದ್ದು ಸತ್ತಳಲ್ಲ, ಕಸ ಗುಡಿಸೋ ಶೋಭಾರಾಣಿ, ಇವನ ಹೆಂಡ್ತಿನೇ. ಮೆಷಿನ್ ಮುಂದೆ ಕರ್ಪೂರ ಹಚ್ಚಿ..."

ಮುರುಗೇಶ್ ಕ್ಯಾರಿಯರ್ ಬೀಸಿ ಭೈರೇಶರ ಮುಖಕ್ಕೆ ಹೊಡೆದ. ಮೂಗಿನ ಮೂಳೆ ಮುರಿಯಿತು. ಕೆಳಗೆ ಕೆಡವಿ ಕತ್ತು ಹಿಸುಕತೊಡಗಿದ. ಬಿಡಿಸಲು ಮೂರು ಜನ ಬೇಕಾಯಿತು. "ಅವಳು ಕರ್ಪೂರ ಹಚ್ಚಿಲ್ಲ," ಎಂದಷ್ಟೇ ಹೇಳುತ್ತಿದ್ದ. 11.15ಕ್ಕೆ ಬಂಧಿಸಲಾಯಿತು. ಬೆರಳಚ್ಚು ಅವನದೇ ಎಂದು ಸಂಜೆ ತಿಳಿಯಿತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. "ನಿನ್ನೆ ಓನರ್ ಮತ್ತೆ ಮುಚ್ಚಳ ತೆಗೆದಿಟ್ಟಿದ್ದ ಮೇಡಂ. ಮುಚ್ಚಿ ಸಾರ್ ಅಂದೆ. ನಿನ್ ಹೆಂಡ್ತಿನೇ ಕರ್ಕೊಂಬಾ, ಮುಚ್ತಾಳೆ ಅಂದ."

"ಕೊಂದ ಮೇಲೆ ಓಡಿ ಹೋಗೋದು ಬಿಟ್ಟು ಮುಚ್ಚಿದ್ದು ಯಾಕೆ?"

"ಬೆಳಿಗ್ಗೆ ಮುನಿಲಕ್ಷ್ಮಮ್ಮ ಬರ್ತಾರಲ್ಲ. ಬಂದವರೇ ಲೈಟ್ ಸ್ವಿಚ್ ಹಾಕ್ತಾರೆ. ಶೋಭಾನೂ ಅಷ್ಟೇ ಮಾಡಿದ್ದು."

ಬಸವರಾಜೇಶ್ವರಿ ಹೋದ ವರ್ಷದ ಕಡತ ತರಿಸಿದರು. ಕರ್ಪೂರದ ಮಾತು ಮಹೇಶಪ್ಪನ ಹೇಳಿಕೆಯಲ್ಲಿ ಮಾತ್ರ ಇತ್ತು. ಬರೆದುಕೊಂಡವರು ಭೈರೇಶ್. ಜಪ್ತಿ ಪಟ್ಟಿಯನ್ನು ಬಸವರಾಜೇಶ್ವರಿ ಎರಡು ಸಲ ಓದಿದರು: ಸುಟ್ಟ ಪೊರಕೆ, ಬಳೆ ಚೂರು, ಡ್ರಮ್ಮಿನಿಂದ ದೂರ ಬಿದ್ದಿದ್ದ ಮುಚ್ಚಳ. ತಮ್ಮ ಠಾಣೆಯ ಬಗ್ಗೆ ಅವರಿಗೆ ನಾಚಿಕೆಯಾಯಿತು.

"ಕರ್ಪೂರ ಎಲ್ಲಿ ಸಿಕ್ತು ರೀ, ಭೈರೇಶ್?"

ಭೈರೇಶ್ ಮೂಗಿನ ಪಟ್ಟಿ ಮುಟ್ಟಿಕೊಂಡು, "ಮಹೇಶಪ್ಪ ಹೇಳಿದ್ದನ್ನ ಬರ್ಕೊಂಡೆ ಮೇಡಂ," ಅಂದರು.