ಎಣಿಕೆ ನಿಂತರೆ ಚಿತ್ರವೂ ನಿಲ್ಲುತ್ತಿತ್ತು

ಬಾಗಿಲು ತೆರೆದ ಮೋನಮ್ಮನ ಕೈಯಿಂದ ಊರುಗೋಲು ಜಾರಿ ನೆಲಕ್ಕೆ ಬಿತ್ತು.

ಹೊಸ್ತಿಲಾಚೆ ನಿಂತವನ ಹೆಗಲ ಮೇಲೆ ಕಪ್ಪು ವೈರಿನ ದೊಡ್ಡ ಸುರುಳಿಯಿತ್ತು. ಅದೇ ಸುರುಳಿ. ಅದೇ ಮುಖ.

"ಕೇಬಲ್ ಹಾಕಾಕ ಬಂದೀನ್ರಿ. ನಿಮ್ಮವ್ವಾರು ಹೇಳಿ ಕಳಿಸಿದ್ರು," ಅಂದವನು ಅವಳನ್ನು ನೋಡಿ ಅಲ್ಲೇ ನಿಂತ.

"ನೀನು…" ಮೋನಮ್ಮ ಹೊಸ್ತಿಲಿನಿಂದ ಹಿಂದೆ ಸರಿದಳು. "ಕೆನಾಲ್ ದಂಡಿ ಮ್ಯಾಲ ನಿಂತಂವ ನೀನ. ನಾ ಮುಳುಗಾಕತ್ತಿದ್ದೆ. ನೀ ನೋಡಿ ಓಡಿ ಹೋದಿ."

ಅವನ ಮುಖದ ಬಣ್ಣ ಇಳಿಯಿತು. ಆದರೆ ಅವನು ಇಲ್ಲವೆನ್ನಲಿಲ್ಲ.

"ಹೌದ್ರಿ, ಓಡಿದ್ದೆ. ಖರೆ ಅಂದ್ರ…"

ಉಳಿದ ಮಾತು ಅವನ ಬಾಯಲ್ಲೇ ಉಳಿಯಿತು. ಮೋನಮ್ಮ ಬಾಗಿಲು ಬಡಿದು ಒಳಕೋಣೆ ಸೇರಿದ್ದಳು.

ಅವಳು ಕಾಲುವೆಗೆ ಬಿದ್ದದ್ದು ಸಂಕ್ರಾಂತಿ ಮುಗಿದ ವಾರ. ಮೋನಮ್ಮ ಶಹಾಪುರದ ಹತ್ತಿರದ ಕ್ಯಾಂಪೊಂದರಲ್ಲಿ ಅಂಗನವಾಡಿ ನಡೆಸುತ್ತಿದ್ದಳು. ಕಾಲುವೆ ನೀರು ನಂಬಿ ಆಂಧ್ರದ ಕಡೆಯಿಂದ ಭತ್ತ ಬೆಳೆಯಲು ಬಂದವರ ಊರು ಅದು. ಎರಡನೆಯ ಬೆಳೆಯ ನಾಟಿ ನಡೆದಿತ್ತು. ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ಕಾಲುವೆ ದಾರಿಯ ತುಂಬ ಕೆಸರು ಉದುರಿಸಿದ್ದವು. ಅವಳ ಲೂನಾ ಆ ಕೆಸರಿನಲ್ಲಿ ಜಾರಿತು. ಮೊಣಕಾಲು ಕಾಲುವೆಯ ಸಿಮೆಂಟಿಗೆ ಬಡಿಯಿತು. ಮರುಕ್ಷಣ ಅವಳು ನೀರಿನಲ್ಲಿದ್ದಳು.

ಆಮೇಲೆ ನೆನಪಿರುವುದು ಎರಡೇ. ದಂಡೆಯ ಮೇಲಿದ್ದ, ಹೆಗಲಿಗೆ ಕಪ್ಪು ಸುರುಳಿ ಹಾಕಿಕೊಂಡ ಒಬ್ಬ ಗಂಡಸು ಬೆನ್ನು ತಿರುಗಿಸಿ ಓಡಿದ್ದು. ಮತ್ತೆ ನೀರೊಳಗೆ ಏನೋ ಕಪ್ಪಗಿನದು ಎಡಗೈಗೆ ಸುತ್ತಿಕೊಂಡು ಅವಳನ್ನು ಎಳೆದದ್ದು.

ಕಣ್ಣು ಬಿಟ್ಟಾಗ ಗುಲ್ಬರ್ಗಾದ ಆಸ್ಪತ್ರೆ. ಕ್ಯಾಂಪಿನ ಜನ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರಂತೆ. ಯಾರು, ಹೇಗೆ ಎಂದು ಕೇಳುವಷ್ಟು ಸ್ಥಿಮಿತ ತಾಯಿ ಸುಂದ್ರಮ್ಮನಿಗೂ ಇರಲಿಲ್ಲ. ಎಡಗೈಯ ಮೇಲೆ ಮಾತ್ರ ಕಪ್ಪು ಬರೆ ಉಳಿಯಿತು. ಆ ಕಪ್ಪಗಿನದು ಕನಸಿನಲ್ಲಿ ಬಂದು ಅವಳನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆಯುತ್ತಿತ್ತು.

ಯುಗಾದಿಗೆ ಪ್ಲಾಸ್ಟರ್ ತೆಗೆದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ದಿನಾ ಮೊಣಕಾಲು ಮಡಚಬೇಕಮ್ಮ. ಈ ಮಳೆಗಾಲದೊಳಗ ಮಡಚಲಿಲ್ಲಂದ್ರ ಮುಂದ ಮಡಚಂಗಿಲ್ಲ," ಅಂದರು.

ನೆಲಕ್ಕೆ ಕೂಡಲಾಗದವಳು ಅಂಗನವಾಡಿಯ ಮಕ್ಕಳ ನಡುವೆ ಹೇಗಿರುತ್ತಾಳೆ? ಮೇಲಿನವರು ಅವಳ ಜಾಗಕ್ಕೆ ಬೇರೆಯವರನ್ನು ನೋಡುತ್ತಿದ್ದಾರೆಂಬ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ದಿನವೂ ಗುಲ್ಬರ್ಗಾಕ್ಕೆ ಹೋಗಿ ವ್ಯಾಯಾಮ ಮಾಡಿಸಿಕೊಂಡು ಬರುವುದು ಆಗದ ಮಾತು. ಅದಕ್ಕೇ ಸುಂದ್ರಮ್ಮ ಕೇಬಲ್ ಹಾಕಿಸಿದ್ದು. ಒಂದು ಚಾನೆಲ್ಲಿನಲ್ಲಿ ಬೆಳಿಗ್ಗೆ, ಹಳದಿ ಚೂಡಿದಾರದ ಮೇಡಂ ಒಬ್ಬರು ಕೈಕಾಲು ನೋವಿಗೆ ಮನೆಯಲ್ಲೇ ಮಾಡುವ ವ್ಯಾಯಾಮ ಹೇಳಿಕೊಡುತ್ತಿದ್ದರು.

ಕೇಬಲ್ ಹಾಕಿದವನ ಹೆಸರು ಚಂದ್ರಾಮ. ಓಣಿಯ ಮನೆಗಳಿಗೆಲ್ಲ ಚಿತ್ರ ಹಂಚುವ ಬೂಸ್ಟರ್ ಡಬ್ಬಿಯನ್ನು ಅವನು ಇವರ ಹಿಂಗೋಡೆಗೆ ಕೂಡಿಸಿದ. ಡಬ್ಬಿಗೆ ಕರೆಂಟು ಇವರ ಮನೆಯದು, ಅದಕ್ಕೆ ಬದಲಾಗಿ ಇವರಿಗೆ ಕೇಬಲ್ ಬಿಟ್ಟಿ. ಎಲ್ಲ ಓಣಿಗಳಲ್ಲೂ ನಡೆಯುವ ಕರಾರು ಅದು. ಮೋನಮ್ಮ ಮಾತ್ರ ಅವನು ಬಂದಾಗಲೆಲ್ಲ ಒಳಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದಳು.

"ನನ್ನ ಜೊತೆ ಜೋರಾಗಿ ಎಣಿಸಿ. ಎಣಿಸುವಾಗ ನೋವು ಮರೆತುಹೋಗುತ್ತೆ," ಅನ್ನುತ್ತಿದ್ದರು ಮೇಡಂ.

"ಆಕಿಗೇನು, ಚಂದದ ಮೊಣಕಾಲು ಕೊಟ್ಟಾನ ದೇವರು," ಎಂದು ಸುಂದ್ರಮ್ಮ ಅಡುಗೆಮನೆಯಿಂದಲೇ ಟಿವಿಗೆ ಉತ್ತರ ಕೊಡುತ್ತಿದ್ದಳು.

ಮೊದಮೊದಲು ಮೋನಮ್ಮನಿಗೂ ಭಾರೀ ಹುರುಪು. ಹಲ್ಲು ಕಚ್ಚಿ, ಕಣ್ಣೀರು ಒರೆಸಿಕೊಂಡು ಓಣಿಗೆಲ್ಲ ಕೇಳುವಂತೆ ಎಣಿಸುತ್ತಿದ್ದಳು. ಬಿಸಿಲು ಏರಿದ ಹಾಗೆ ಹುರುಪು ಇಳಿಯಿತು. ಕಾಲು ಅರ್ಧ ಮಡಚಿ ಅಲ್ಲೇ ನಿಂತುಬಿಟ್ಟಿತ್ತು. ಟಿವಿ ಹಚ್ಚುವುದಕ್ಕೂ ಬೇಸರ ಬಂತು.

'ಯಾರಿಗಾಗಿ ಮಾಡಬೇಕು? ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ…'

ಹಾಗೆಂದುಕೊಂಡು ಒಂದು ಮುಂಜಾನೆ ಅವಳು ಮಂಚದ ಮೇಲೆ ಸುಮ್ಮನೆ ಮಲಗಿದ್ದಳು. ತಾಯಿ ಹಚ್ಚಿಟ್ಟ ಟಿವಿಯಲ್ಲಿ ಮೇಡಂ ಕೈ ಮೇಲೆತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

ಬಾಯಿ ಅರ್ಧ ತೆರೆದಿತ್ತು. ಕಣ್ಣು ನೇರವಾಗಿ ಮೋನಮ್ಮನನ್ನೇ ನೋಡುತ್ತಿದ್ದವು. ಚಿತ್ರದ ನಡುವೆ ಒಂದು ಬಿಳಿ ಗೀರು ಸಣ್ಣಗೆ ನಡುಗುತ್ತಿತ್ತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಮನೆಯ ಹಿತ್ತಲಿಗೆ ತಾಗಿ ಹರಿಯುವ ಕಾಲುವೆ ಬೇಸಿಗೆಗೆ ಬತ್ತಿತ್ತು, ಅಲ್ಲಿಂದಲೂ ಸದ್ದಿಲ್ಲ.

ಮೋನಮ್ಮ ಮೆಲ್ಲಗೆ ಎದ್ದು ಕುಳಿತಳು. ಯಾಕೋ ಬಾಯಿಂದ ತಾನಾಗಿ ಬಂತು. "ಒಂದು…"

ಮೇಡಂ ಕೈ ಇಳಿಸಿದರು.

ಮೋನಮ್ಮ ಮಂಚದ ಅಂಚಿಗೆ ಸರಿದಳು. ಎಣಿಸುವುದು ನಿಲ್ಲಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಮೇಡಂ ಮತ್ತೆ ಕಲ್ಲಾದರು. "ಎರಡು," ಅಂದಳು. ಮೇಡಂ ಮತ್ತೆ ಅಲುಗಿದರು.

ಅಂದು ಅವಳು ವ್ಯಾಯಾಮವನ್ನು ಪೂರ್ತಿ ಮಾಡಿದಳು. ಹುರುಪಿನಿಂದಲ್ಲ, ಹೆದರಿಕೆಯಿಂದ. ಮರುದಿನವೂ ಅಷ್ಟೆ. ಹೇಳಿದರೆ ತಲೆ ಕೆಟ್ಟಿದೆ ಅಂದಾರು ಎಂದು ತಾಯಿಗೂ ಹೇಳಲಿಲ್ಲ. ಅತ್ತ ಮೊಣಕಾಲು ಮಾತ್ರ ದಿನಕ್ಕಿಷ್ಟು ಸಡಿಲಾಗುತ್ತ ಬಂತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಗೌಹರಬೇಗಂ ಹಪ್ಪಳ ಕೊಡಲು ಬಂದವಳು ಕೇಳಿದಳು. "ಬೇಟಿ, ಮುಂಜಾನೆ ಏನು ಎಣಸ್ತಿ ನೀ?"

"ಟಿವಿ ನೋಡಿ ಕಸರತ್ತು ಮಾಡ್ತೀನಿ, ಖಾಲಾ. ಆ ಹಳದಿ ಡ್ರೆಸ್ಸಿನ ಮೇಡಂ…"

"ಅರೆ, ಆ ಪ್ರೋಗ್ರಾಂ ಬಂದ್ ಆಗಿ ಭಾಳ ದಿನ ಆತಲ್ಲ. ನಮ್ಮನ್ಯಾಗ ಆ ಹೊತ್ತಿಗೆ ಜಾತಕ ಹೇಳಾಂವ ಬರ್ತಾನ. ಉಂಗುರ ಮಾರತಾನ."

ಮೋನಮ್ಮನ ಕೈಯಲ್ಲಿದ್ದ ಹಪ್ಪಳ ಮುರಿಯಿತು. ಒಂದೇ ಓಣಿ, ಒಂದೇ ಡಬ್ಬಿ, ಒಂದೇ ಚಾನೆಲ್. ಹಾಗಾದರೆ ತನ್ನ ಮನೆಗೆ ಮಾತ್ರ ಬರುತ್ತಿರುವ ಈ ಹೆಂಗಸು ಯಾರು?

ಮರುದಿನ ಅವಳು ಕಣ್ಣಿಟ್ಟು ನೋಡಿದಳು. ಕಾಲು ಚಾಚುವಾಗ ಮೇಡಂ ಕೈಯಿಂದ ಒಂದು ಬಳೆ ಜಾರಿ ಬಿತ್ತು. ಅವರು ನಾಚಿ ನಕ್ಕು ಎತ್ತಿಕೊಂಡರು. ಹಿಂದಿನ ವಾರವೂ ಅದೇ ಬಳೆ ಬಿದ್ದಿತ್ತು. ಅವರು ಹೀಗೇ ನಕ್ಕಿದ್ದರು.

ಆಗಲೇ ಕಿಟಕಿಯ ಪರದೆಯ ಮೇಲೆ ಒಂದು ನೆರಳು ಸರಿಯಿತು.

"ಅವ್ವಾ, ಹಿತ್ತಲದಾಗ ಯಾರೋ ಅದಾರ."

"ಬೆಕ್ಕಿರಬೇಕು," ಅಂದಳು ಸುಂದ್ರಮ್ಮ, ಒಲೆಯಿಂದ ಮುಖ ಎತ್ತದೆ.

ಆದರೆ ಕಿಟಕಿ ಕಟ್ಟೆಯ ಮೇಲೆ ಖಾಲಿ ಚಹಾ ಲೋಟವಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಚಹಾ ಕುಡಿಯುವ ಬೆಕ್ಕನ್ನು ಮೋನಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಓಣಿಯ ನಾಯಿಗಳೂ ಬೊಗಳಿರಲಿಲ್ಲ. ಯಾರೋ ದಿನವೂ ಬರುವವರು. ಗೋಡೆಗೆ ಕಿವಿಯಿಟ್ಟು ತನ್ನನ್ನು ಕೇಳಿಸಿಕೊಳ್ಳುವವರು.

'ಆ ಓಡಿ ಹೋದವನೇ ಇರಬಹುದೇ? ಅಂದು ಮುಳುಗಲು ಬಿಟ್ಟವನು ಇಂದು ಯಾಕೆ ಬಂದಿದ್ದಾನೆ?'

ಮೊದಲ ಮಳೆ ಬಿತ್ತು. ಮೇಲಿನ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಹಿತ್ತಲಿನ ಕಾಲುವೆ ತುಂಬಿ ಹರಿಯತೊಡಗಿತು. ಆ ಸದ್ದು ಗೋಡೆ ದಾಟಿ ಬಂದಾಗ ಮೋನಮ್ಮನ ಎಡಗೈ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಬೇಕೆಂದೇ ಎಣಿಸಲಿಲ್ಲ. ಮೇಡಂ ನಿಂತರು. ಬಿಳಿ ಗೀರು ನಡುಗಿತು. ಮೋನಮ್ಮ ಉಸಿರು ಬಿಗಿಹಿಡಿದು ಕಾದಳು.

ಗೋಡೆಯಾಚೆ ಯಾರೋ ಕೆಮ್ಮಿದರು.

ಊರುಗೋಲನ್ನು ದೊಣ್ಣೆಯಂತೆ ಮೇಲೆತ್ತಿಕೊಂಡು ಅವಳು ಹಿತ್ತಲ ಬಾಗಿಲು ತೆರೆದಳು. ಊರಬೇಕಾದ ಕೋಲು ತಲೆಯ ಮೇಲಿದೆ, ತಾನು ಎರಡೂ ಕಾಲಿನ ಮೇಲೆ ಮೆಟ್ಟಿಲು ಇಳಿಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಗೋಡೆಯ ಬುಡದಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಒಂದು ವಿಸಿಆರ್ ಇತ್ತು. ಬೂಸ್ಟರಿನಿಂದ ಬಿಚ್ಚಿದ ಅವರ ಮನೆಯ ವೈರು ಅದಕ್ಕೆ ಸೇರಿತ್ತು. ಪಕ್ಕದಲ್ಲಿ ಚಂದ್ರಾಮ. ಬೆರಳು ಗುಂಡಿಯ ಮೇಲೆ, ಹೆಗಲ ಮೇಲೆ ಕಪ್ಪು ಸುರುಳಿ.

"ನೀನಾ…"

ಅವನು ಎದ್ದು ನಿಂತ. ಅವಳು ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ಹಿಮ್ಮಡಿಗೆ ಒದ್ದೆ ಸಿಮೆಂಟು ತಾಗಿತು. ಬೆನ್ನ ಹಿಂದೆಯೇ ನೀರು ಮೊರೆಯುತ್ತಿತ್ತು.

"ಹಿಂದ ಹೋಗಬ್ಯಾಡ್ರಿ. ಹಿಂದ ಕೆನಾಲ್ ಅದ."

"ಮುಂದ ಬಂದ್ರ ಹೊಡೀತೀನಿ."

"ಬರಂಗಿಲ್ರಿ. ನೋಡ್ರಿ, ಕುಂತೆ." ಅವನು ಇದ್ದಲ್ಲೇ ನೆಲಕ್ಕೆ ಕುಳಿತ. ಹೆಗಲ ಸುರುಳಿ ಬಿಚ್ಚಿ ವೈರಿನ ತುದಿಯನ್ನು ಅವಳ ಕಾಲ ಬಳಿ ಎಸೆದ. "ಇದನ್ನ ಹಿಡೀರಿ. ಎಡಗೈಗೆ ಸುತ್ಕೋರಿ, ಆವತ್ತಿನಂಗ."

ಆವತ್ತಿನಂಗ?

ಒದ್ದೆ ಕಾಲು ಜಾರುತ್ತಿತ್ತು. ಬೇರೆ ದಾರಿಯಿಲ್ಲದೆ ಮೋನಮ್ಮ ಕೋಲು ಬಿಟ್ಟು ಬಗ್ಗಿ ವೈರು ಹಿಡಿದಳು. ಕೈಗೆ ಸುತ್ತಿಕೊಂಡಳು. ಅದು ಆ ಕಪ್ಪು ಬರೆಯ ಮೇಲೆಯೇ ಹೋಗಿ ಕುಳಿತಿತು. ಅತ್ತ ಕಡೆಯಿಂದ ಅವನು ಮೆಲ್ಲಗೆ ಎಳೆದ.

ಆ ಎಳೆತ ಅವಳ ಕೈಗೆ ಗೊತ್ತಿತ್ತು. ನೀರೊಳಗಿನ ಆ ಕಪ್ಪಗಿನದು ಅವಳನ್ನು ಕೆಳಕ್ಕೆ ಎಳೆದಿರಲಿಲ್ಲ. ಮೇಲಕ್ಕೆ, ಬೆಳಕಿನ ಕಡೆಗೆ ಎಳೆದಿತ್ತು.

ಅವನ ಎದುರಿಗೆ ಬಂದು ನಿಂತಾಗ ಅವಳ ಕಣ್ಣು ತುಂಬಿದ್ದವು. "ನೀ ಓಡಿದ್ದಿ. ನಾ ನೋಡೀನಿ."

"ಓಡಿದ್ದೆ. ಹೆಗಲ ಮ್ಯಾಲಿನ ಸುರುಳಿ ತುಂಡು ವೈರ್ ಇತ್ರಿ, ನಿಮ್ಮ ತನಕ ಮುಟ್ಟತಿರಲಿಲ್ಲ. ಉದ್ದಂದು ಗಾಡಿ ಮ್ಯಾಲ ಇತ್ತು, ತರಾಕ ಓಡಿದೆ. ಒಗದೆ, ಅದು ನಿಮ್ಮ ಕೈಗೆ ಸುತ್ಕೊಂತು, ದಂಡಿಗೆ ಎಳಿಯೋ ಹೊತ್ತಿಗೆ ನಿಮಗ ಎಚ್ಚರ ಇರಲಿಲ್ಲ. ಕ್ಯಾಂಪಿನೋರು ಬಂದು ಕೈ ಹಚ್ಚಿದ್ರು."

ಅವನು ಅಂಗೈ ಮುಚ್ಚಿಕೊಳ್ಳುವ ಮೊದಲೇ ಅವಳು ನೋಡಿದಳು. ಎರಡೂ ಅಂಗೈಗೆ ಅಡ್ಡಲಾಗಿ, ಅವಳ ತೋಳಿನ ಮೇಲಿದ್ದಂಥದೇ ಬರೆ.

"ಯಾಕ ಹೇಳಲಿಲ್ಲ?"

"ಹೇಳಾಕ ಬಾಯಿ ತೆಗದೆ, ಬಾಗಲಾ ಹಾಕಿದ್ರಿ. ಆಮ್ಯಾಲ ಮನಸ್ಸಾಗಲಿಲ್ರಿ. ಹೇಳಿದ್ರ ನೀವು ನನಗ ಕೈ ಮುಗೀತಿದ್ರಿ. ನನಗ ಅದು ಬ್ಯಾಡಾಗಿತ್ತು."

"ಮತ್ತೇನು ಬೇಕಾಗಿತ್ತು?"

ಚಂದ್ರಾಮ ವಿಸಿಆರ್ ಕಡೆ ತಿರುಗಿದ. "ನೀವು ಎಣಸೋದು ಕೇಳಬೇಕಾಗಿತ್ತು. ಕರೆಂಟ್ ಹೋದ ದಿನ ಆಮ್ಯಾಲ ತೋರ್ಸಾಕಂತ ಆ ಪ್ರೋಗ್ರಾಂ ಒಂದು ವಾರದ್ದು ಕ್ಯಾಸೆಟ್ ಮಾಡಿಟ್ಟಿದ್ದೆ. ಅದು ಬಂದ್ ಆದಾಗ ನಿಮ್ಮ ಕಾಲು ಅರ್ಧಕ್ಕ ನಿಂತಿತ್ತು. ನಿಮ್ಮವ್ವಾರಿಗೆ ಕೇಳಿ ಹಚ್ಚಿದೆ. ಎಣಿಕಿ ಕೇಳಲಿಲ್ಲಂದ್ರ, ನೋವಾಗಿರಬೇಕಂತ ನಿಂದ್ರಸ್ತಿದ್ದೆ. ನೀವು ತಯಾರಾಗೋತನಕ ತಡಿಯೋಣಂತ."

ಅವಳನ್ನು ಅಷ್ಟು ದಿನ ಹೆದರಿಸಿದ್ದು ಅವನ ತಾಳ್ಮೆ!

ಅಳುವೋ ನಗುವೋ ತಿಳಿಯದೆ ಮೋನಮ್ಮ ಅವನ ಎದುರಿಗೆ ಕುಸಿದು ಕುಳಿತಳು. "ನನಗ ಎಷ್ಟು ಹೆದರಿಕಿ ಆಗ್ಯದ ಗೊತ್ತದೇನು? ದೆವ್ವ ಅಂದ್ಕೊಂಡಿದ್ದೆ."

"ತಪ್ಪಾತ್ರಿ. ಅವ್ವಾರಿಗೆ ಕೇಳಿದೆ, ನಿಮಗ ಕೇಳಬೇಕಾಗಿತ್ತು." ಅಷ್ಟಂದವನು ತಟ್ಟನೆ ಅವಳ ಕಾಲು ನೋಡಿದ. "ನೀವು… ಕುಂತೀರಿ."

ಮೋನಮ್ಮನೂ ನೋಡಿಕೊಂಡಳು. ಮಣ್ಣಿನ ನೆಲದ ಮೇಲೆ, ಎರಡೂ ಮೊಣಕಾಲು ಮಡಚಿ, ಅಂಗನವಾಡಿಯಲ್ಲಿ ಮಕ್ಕಳ ನಡುವೆ ಕೂಡುತ್ತಿದ್ದ ಹಾಗೆ ಕುಳಿತಿದ್ದಳು. ನೋವಿತ್ತು. ಆದರೆ ಕಾಲು ಪೂರ್ತಿ ಮಡಚಿತ್ತು. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ವೈರಿನ ತನ್ನ ತುದಿಯನ್ನು ಕೈಬಿಡದೆ ಕುಳಿತೇ ಇದ್ದ.

ಹಿತ್ತಲ ಬಾಗಿಲಲ್ಲಿ ಲೋಟ ಹಿಡಿದು ನಿಂತ ಸುಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವತ್ತು ಬೆಕ್ಕಿಗೆ ಚಹಾ ಹೊರಗೋ ಒಳಗೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಒಳಗೆ ಟಿವಿಯಲ್ಲಿ ಮೇಡಂ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು.

"ನಾಳಿಂದ ಹೊರಗ ನಿಂದ್ರಬ್ಯಾಡ್ರಿ," ಅಂದಳು ಮೋನಮ್ಮ. ಅವಳ ಬಾಯಲ್ಲಿ ಅವನಿಗೆ ಮೊದಲ ಸಲ ಬಹುವಚನ ಬಂದಿತ್ತು.

ಚಂದ್ರಾಮನ ಮುಖ ಬಾಡಿತು. "ಆತ್ರಿ."

"ಒಳಗ ಬರ್ರಿ. ಒಬ್ಬಾಕಿನ ಎಣಿಸಿ ಸಾಕಾಗ್ಯದ."

ಅವನು ತಲೆ ಎತ್ತಿದ. ಕಾಲುವೆಯ ಸದ್ದಿನಲ್ಲಿ ಅವನ ದನಿ ಕೇಳಿತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿತ್ತು. "ಋಣ ತೀರಸಾಕ ಕರೀಬ್ಯಾಡ್ರಿ, ಮೋನಮ್ಮ."

"ಋಣಕ್ಕಲ್ಲ. ಎಣಿಕಿ ನಿಂತ್ರ ನನ್ನ ಸಲುವಾಗಿ ತಡಿಯೋರು ಬೇಕಾಗ್ಯಾರ."

"ಎಲ್ಲೀತನಕ ಎಣಸ್ಲಿ?"

"ನಾ ಸಾಕನ್ನೋತನಕ."

"ಸಾಕಂತೀರೇನು?"

ಮೋನಮ್ಮ ಕೈಗೆ ಸುತ್ತಿದ ವೈರನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

"ಅನ್ನಂಗಿಲ್ಲ."