ಇಗ್ನಾಸನ ಟ್ರಾಂಬೋನ್

ನ್ಯೂ ಆರ್ಲಿಯನ್ಸಿನ ಟ್ರೆಮೆ ಕೇರಿಯಲ್ಲಿ ಪ್ರವಾಸಿಗಳನ್ನು ನಡೆಸಿಕೊಂಡು ಹೋಗಿ, ಜಾಝ್ ವಾದಕರು ಬಾಳಿದ ಮನೆಗಳನ್ನು ತೋರಿಸುವುದು ನನ್ನ ಕೆಲಸ. ಈಗ ಹೇಳುವುದನ್ನು ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ.

ಆ ಆಗಸ್ಟ್ ಮಧ್ಯಾಹ್ನ ರಸ್ತೆ ಕಾದ ಹೆಂಚಿನಂತಿತ್ತು. ಬೀಗ ಹಾಕಿದ್ದ ಇಗ್ನಾಸನ ಮನೆಯ ಮುಂದೆ ನಿಂತೆವು. ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುತ್ತಿದ್ದ ಅವನು, ವರ್ಷಗಳ ಹಿಂದೆ ದೊಡ್ಡ ನೆರೆ ಬಂದಾಗ ಅಟ್ಟ ಹತ್ತಿ ಅಲ್ಲೇ ಮುಳುಗಿ ಸತ್ತಿದ್ದ. ಪಕ್ಕದ ಮನೆಯ ಜಗಲಿಯಲ್ಲಿ ಅವನ ಅಕ್ಕ ಮಿಸ್ ವರ್ಡೆಲ್ ಕೂತಿದ್ದರು.

"ಏನೋ ಆಲ್ಸೀಡ್, ಇವತ್ತೂ ಬುರುಡೆ ಬಿಡೋಕೆ ಶುರು ಮಾಡಿದ್ಯಾ?" ಎಂದು ನನ್ನನ್ನು ನೋಡಿ ನಕ್ಕರು.

ಅಷ್ಟರಲ್ಲಿ ಬೀಗ ಹಾಕಿದ ಮನೆಯೊಳಗಿಂದ ಟ್ರಾಂಬೋನ್ ಕೇಳಿಸಿತು. ಶವಯಾತ್ರೆಯಲ್ಲಿ ನುಡಿಸುವ ನಿಧಾನದ ರಾಗ. ಪ್ರತಿ ಸಲವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಯಾರೋ ಉಸಿರೆಳೆದುಕೊಳ್ಳುವ ಸದ್ದು, ಮತ್ತೆ ಮೊದಲಿಂದ. ನಾನೇ ಏರ್ಪಾಡು ಮಾಡಿದ್ದೇನೆಂದುಕೊಂಡು ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬಂತು, ಜೊತೆಗೆ ಕೆಸರಿನ ವಾಸನೆ.

ಮಿಸ್ ವರ್ಡೆಲ್ ಬೀಗದ ಕೈ ಹಿಡಿದು ಬಂದರು. ನಾನು ಅವರ ತೋಳು ಹಿಡಿದೆ. "ಹೋಗ್ಬೇಡಿ."

"ಅವ್ನಿಗೆ ಆ ಜಾಗದಲ್ಲಿ ಯಾವಾಗ್ಲೂ ತಪ್ಪುತ್ತೆ ಕಣೋ. ನಾನು ಹಾಡಿ ತೋರಿಸಿದ್ರೆ ಮುಂದಕ್ಕೆ ಹೋಗ್ತಾನೆ. ಬಿಡು ಕೈ."

ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು, ತಳ್ಳಿದರೂ ತೆರೆಯಲಿಲ್ಲ. ಅವರು ಹಾಡುವುದು ಕೇಳಿಸಿತು. ಟ್ರಾಂಬೋನ್ ಆ ಜಾಗ ದಾಟಿ ಕೊನೆಯವರೆಗೂ ನುಡಿಯಿತು. ಆಮೇಲೆ ಎರಡೂ ನಿಂತವು.

ಬಾಗಿಲು ಒಡೆದು ಒಳಹೊಕ್ಕೆವು. ಅಟ್ಟದ ಏಣಿಯ ಬುಡದಲ್ಲಿ ಅವರು ಸತ್ತು ಬಿದ್ದಿದ್ದರು. ಹೃದಯ ನಿಂತಿತೆಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಅವರನ್ನು ಎತ್ತಿಕೊಂಡು ಹೊರಗೆ ತಂದವನು ನಾನು. ಕೂದಲಿಂದ, ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಆ ಮನೆಯ ನೆಲದ ತುಂಬ ಒಣ ಧೂಳಿತ್ತು, ನಲ್ಲಿ ಕಿತ್ತು ಹಾಕಿ ವರ್ಷಗಳೇ ಆಗಿದ್ದವು.